ಮಣಿನಗರದಲ್ಲಿ ಕಾದಿಟ್ಟ ಕುರ್ಚಿ

ಮಣಿನಗರ ಸ್ಟೇಷನ್ನಿನೆದುರು, ಎಸ್‌ಟಿಡಿ ಬೂತಿನ ಪಕ್ಕದ ಉಡುಪಿ ಹೋಟೆಲು ತುಂಬಿತ್ತು. ಹುಬ್ಬಳ್ಳಿ ಮಾತಿನ ಇಬ್ಬರು ರೈಲ್ವೆ ನೌಕರರ ಮೇಜಿನಲ್ಲಿ ಮಾತ್ರ ಒಂದು ಕುರ್ಚಿ ಖಾಲಿ. ಅದರ ಮೇಲೆ ಕರವಸ್ತ್ರ.

“ಕೂರಬಹುದೇ?” ಎಂದೆ.

“ಬರೋರದಾರ್ರೀ” ಎಂದರು ಕನ್ನಡಕದವರು. ದೋಸೆಯನ್ನು ನಿಂತೇ ತಿಂದೆ.

ಅವರ ವಾದವೆಲ್ಲ ತಮ್ಮ ಫುಟ್‌ಬಾಲ್ ತಂಡದ ಹಳೆಯ ಆಟಗಾರ ಪೀಟರನ ಬಗ್ಗೆ.

“ನಮ್ಮ ಟೀಮ್ ಬಿಟ್ಟು ಬ್ಯಾಂಕಿನ ಟೀಮಿಗೆ ಹೋದ. ಮ್ಯಾಲೆ ಪೇಪರ್‌ನ್ಯಾಗ ನಮಗ ಬೈತಾನ. ನಿಯತ್ತಿಲ್ಲದಂವ!” ಎಂದರು ಕನ್ನಡಕದವರು.

“ಖರೇನ ಬೈದಾನ. ಅವನಂಗ ಗೋಲು ಹೊಡದವರು ಯಾರದಾರ?” ಎಂದರು ಇನ್ನೊಬ್ಬರು.

ಅಷ್ಟರಲ್ಲಿ ಕುಂಟುತ್ತ ಒಬ್ಬರು ಒಳಬಂದು, “ಇವತ್ತೂ ಸೋತ್ರೇನು?” ಎಂದು ಬಾಗಿಲಿನಿಂದಲೇ ಕೂಗಿದರು.

“ಬಾ ಪೀಟರ್” ಎಂದರು ಇನ್ನೊಬ್ಬರು.

ಕನ್ನಡಕದವರು ಮುಖ ತಿರುಗಿಸಿದರು. ಹಾಗೆ ತಿರುಗಿಸಿಕೊಂಡೇ ಕೈಚಾಚಿ ತಮ್ಮ ಕರವಸ್ತ್ರ ಎತ್ತಿಕೊಂಡು, ಅದರಿಂದಲೇ ಕುರ್ಚಿ ಒರೆಸಿದರು.