ತೂಬಿನ ಹಲಗೆ ಎತ್ತಿದ ಮಧ್ಯಾಹ್ನ

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಸ್ವಲ್ಪ ದೂರದ ಹಳೆಯ ಎಸ್ಟೇಟೊಂದರಲ್ಲಿ ನಾನೂ ನನ್ನ ಗಂಡನೂ ಬಾಡಿಗೆಗಿದ್ದೆವು. ಒಂದು ಕಾಲದ ಕುದುರೆ ಲಾಯವೇ ನಮ್ಮ ಮನೆ. ಎದುರಿಗೆ, ಹಳ್ಳದ ದಂಡೆಯಲ್ಲಿ, ನೀರಿನ ಚಕ್ರದಿಂದ ನಡೆಯುವ, ಮರ ಕೊಯ್ಯುವ ಸಾಮಿಲ್ಲು ಇತ್ತು. ಎಸ್ಟೇಟಿನ ಒಡತಿಯನ್ನು ನಾವು ನಮ್ಮೊಳಗೆ ಅಜ್ಜಿ ಎನ್ನುತ್ತಿದ್ದೆವು. ಅವರ ಗಂಡ ತೀರಿಕೊಂಡ ಮೇಲೆ ಆ ಮಿಲ್ಲನ್ನು ಯಾರೂ ಓಡಿಸಿರಲಿಲ್ಲ.

ಆ ವಸಂತದಲ್ಲಿ ಅಂಗಳದ ಪೇರ್ ಹಣ್ಣಿನ ಮರ ಗಾಳಿಗೆ ಉರುಳಿತು. ಅಜ್ಜಿಯ ಮದುವೆಯಾದ ವರ್ಷ ಅವರ ಗಂಡ ನೆಟ್ಟ ಮರ ಅದು. "ಬೇರೆ ಕಡೆ ಕಳಿಸೋದಿಲ್ಲ, ಇಲ್ಲೇ ಕೊಯ್ಯಿಸ್ತೇನೆ" ಎಂದರು ಅಜ್ಜಿ. ಊರಿನ ಬಡಗಿಯೊಬ್ಬರು ಬಂದು ಗರಗಸಕ್ಕೆ ಎಣ್ಣೆ ಹಾಕಿ ದಿಮ್ಮಿಯನ್ನು ಕೂರಿಸಿದರು. ನೀರು ಬಿಡಲು ತೂಬಿನ ಹಲಗೆ ಎತ್ತಬೇಕಿತ್ತು. ಅಜ್ಜಿಯ ಕೈಗೆ ಅಷ್ಟು ಬಲವಿರಲಿಲ್ಲ. "ನೀವು ಎತ್ತುತ್ತೀರಾ?" ಎಂದು ನನ್ನನ್ನು ಕೇಳಿದರು.

ನಾನು ಎತ್ತಿದೆ. ನೀರು ನುಗ್ಗಿ, ಚಕ್ರ ನರಳುತ್ತ ತಿರುಗಿತು. ಗರಗಸ ಮೇಲೆ ಕೆಳಗೆ ಆಡತೊಡಗಿದಾಗ ನೆಲವೆಲ್ಲ ಮೆಲ್ಲಗೆ ಕಂಪಿಸಿತು. ಗೋಡೆಯ ಸಂದಿನಿಂದ ಬಿದ್ದ ಬಿಸಿಲಿನಲ್ಲಿ ನಸುಗೆಂಪು ಮರದ ಹೊಟ್ಟು ತೇಲುತ್ತಿತ್ತು. ನೀರಿನಡಿಯಲ್ಲಿ ಕೂತಂತೆ ಅನ್ನಿಸಿತು ನನಗೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಕಣ್ಣು ಮುಚ್ಚಿದ್ದರು.

"ನಮ್ಮವರು ಇಲ್ಲೇ ಕೆಲಸದಲ್ಲಿದ್ದಾರೆ ಅನ್ನಿಸ್ತಿದೆ" ಎಂದರು. ನಾನು ಅವರ ಕೈ ಹಿಡಿದುಕೊಂಡೆ.

ಕೊಯ್ಯುವುದು ಮುಗಿಯಿತು. ತೂಬು ಮುಚ್ಚಲು ಎದ್ದೆ. "ಸ್ವಲ್ಪ ಹೊತ್ತು ಇರಲಿ" ಎಂದರು ಅಜ್ಜಿ. ಮರವಿಲ್ಲದೆಯೂ ಗರಗಸ ಆಡುತ್ತಲೇ ಇತ್ತು. ಬಡಗಿಯೂ ಸೇರಿ ಮೂವರೂ ಅದನ್ನೇ ಕೇಳುತ್ತ ಕೂತೆವು. ಕೊನೆಗೆ ಅವರೇ ಕಣ್ಣು ತೆರೆದು, ಮಡಿಲಿನ ಹೊಟ್ಟು ಕೊಡವಿಕೊಂಡು, "ಸಾಕು, ಬನ್ನಿ ಊಟ ಮಾಡೋಣ" ಎಂದರು.