ಬೋಗುಣಿಯೊಳಗೆ ಮೊದಲೇ ಕೂತವರು

ಮೊನ್ನೆ ದಿಲ್‌ಸುಖ್‌ನಗರದ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗಳು ಉಗುರಿನ ಬಣ್ಣ ತೆಗೆಯುವ ಬಾಟಲಿಯ ಮುಚ್ಚಳ ತೆರೆದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ನಾನು ಅಲ್ಲಿಂದಲೇ ಕೂಗಿದೆ, "ಯಾರು ಬಾಟ್ಲಿ ತೊಳ್ಯಾಕತ್ತೀರಿ? ಪೂರಾ ಒಣಗಸ್ರಿ!" ಹುಡುಗಿ ಬೆಪ್ಪಾಗಿ ನೋಡಿದಳು. ಅದು ಅಸಿಟೋನ್ ವಾಸನೆ. ತಣ್ಣಗೆ, ಸ್ವಲ್ಪ ಸಿಹಿಯಾಗಿ... ತಾರ್ನಾಕದ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ನನ್ನ ದುಪಟ್ಟಾಕ್ಕೆ ಅಂಟಿಕೊಂಡಿದ್ದ ವಾಸನೆ. ಅದರ ಬೆನ್ನಿಗೇ ಮೇಡಂ ಕಣ್ಣ ಮುಂದೆ ಬಂದು ನಿಂತರು, ಹುಬ್ಬು ಗಂಟಿಕ್ಕಿಕೊಂಡು.

ಮೇಡಂ ನನ್ನ ಪಿಎಚ್‌ಡಿ ಮಾರ್ಗದರ್ಶಕಿ. ಅವರು ಬೀದರ್ ಕಡೆಯವರು, ನಾನು ಕಲಬುರಗಿಯವಳು. ಒಂದೇ ಸೀಮೆಯವರು, ಸಲಿಗೆ ಸಿಗುತ್ತದೆ ಅಂದುಕೊಂಡಿದ್ದೆ. ಎಲ್ಲಿಯ ಸಲಿಗೆ! ಅವರಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಹಾಲಿನ ಪ್ಯಾಕೆಟ್ ಮೂಸಿ ನೋಡುವರು, ತರಕಾರಿಯವನ ತಕ್ಕಡಿಯ ತಳ ತಡವಿ ನೋಡುವರು, ಆಟೋ ಯಾವ ದಾರಿ ಹಿಡಿದರೂ "ಕಿದರ್ ಸೆ ಲೇಕೆ ಜಾರೈ ಮಿಯಾ?" ಎಂದು ಗದರುವರು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತ ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು.

ನಮ್ಮ ಕೆಲಸ ಬೋಗುಣಿ ಮಾಡುವುದು. ಕಣ್ಣಿಗೆ ಕಾಣದ ಬೋಗುಣಿ. ಒಂದೊಂದೂ ಒಂದೇ ಅಣು, ನಡುವೆ ಟೊಳ್ಳು. ಆ ಟೊಳ್ಳಿನಲ್ಲಿ ಇನ್ನೊಂದು ಅಣು ಬಂದು ಕೂರಬೇಕು. ಬಂದು ಕೂರುವ ಅಣುವಿಗೆ ನಮ್ಮ ಶಾಸ್ತ್ರದಲ್ಲೂ ಅತಿಥಿ ಅಂತಲೇ ಹೆಸರು. ನಾನು ಕೂರಿಸಹೊರಟಿದ್ದು ಒಂದು ಕಡುಕಹಿ ಔಷಧವನ್ನು, ಮಕ್ಕಳು ಬಾಯಿಗಿಟ್ಟ ಕೂಡಲೇ ಉಗುಳುವಂಥದ್ದನ್ನು. ಬೋಗುಣಿಯೊಳಗೆ ಅಡಗಿ ಕೂತರೆ ನಾಲಿಗೆಗೆ ಕಹಿ ತಾಕುವುದಿಲ್ಲ.

ಒಂದು ಮಧ್ಯಾಹ್ನ ಅದು ಕೂತಿತು. ಒಳಗೆ ಯಾರಾದರೂ ಬಂದರೆ ಯಂತ್ರ ಬಿಡಿಸುವ ನಕ್ಷೆಯಲ್ಲಿ ಬೋಗುಣಿಯ ಗೆರೆ ಪಕ್ಕಕ್ಕೆ ಸರಿಯುತ್ತದೆ, ನನ್ನದು ಸರಿದಿತ್ತು. ಕುಣಿದಾಡಿಬಿಟ್ಟೆ. ಫೆಲೋಶಿಪ್ ಮುಗಿಯುತ್ತ ಬಂದಿತ್ತು. ಲೇಖನ ಅಚ್ಚಾದರೆ ಕೆಲಸ ಕೊಡುತ್ತೇವೆ ಎಂದು ಪಟಾನ್‌ಚೆರುವಿನ ಔಷಧ ಕಂಪನಿಯೊಂದು ಹೇಳಿತ್ತು. ಊರಲ್ಲಿ ಅಪ್ಪ ಪೇಢೆ ಹಂಚಿಯೂ ಆಗಿತ್ತು. ಮೇಡಂ ನನ್ನ ಲೇಖನ ಓದಿದರು, ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

ವಾರಗಳು ಕಳೆದವು... ಈಗ ಅನುಮಾನ ಪಡುವ ಸರದಿ ನನ್ನದು. ಯಾಕೆ ಕಳಿಸುತ್ತಿಲ್ಲ? ಹೊಟ್ಟೆಕಿಚ್ಚೇ? ಬೇರೆ ಯಾರಿಗಾದರೂ ದಾಟಿಸುತ್ತಿದ್ದಾರೆಯೇ? ಅವರು ಫೋನಿನಲ್ಲಿ ದನಿ ತಗ್ಗಿಸಿದರೆ ನನ್ನ ಕಿವಿ ನಿಮಿರುತ್ತಿತ್ತು. ಯಾರೊಂದಿಗಾದರೂ ನಕ್ಕರೆ ಅದು ನನ್ನ ಮೇಲಿನ ನಗೆಯೇ ಅನಿಸುತ್ತಿತ್ತು. ಕೊನೆಗೆ ತಡೆಯಲಾರದೆ ಅವರ ಕೋಣೆಗೆ ನುಗ್ಗಿ ಕೇಳಿಯೇಬಿಟ್ಟೆ.

ಅವರು ಬೀಗ ತೆಗೆದು ನಕ್ಷೆ ಹರವಿದರು. ಮೂಲೆಯ ಒಂದು ಸಣ್ಣ ಗೆರೆಯ ಮೇಲೆ ಉಗುರಿಟ್ಟರು. "ಇಂವ ಯಾರು?"

"ಅಸಿಟೋನ್ ರಿ ಮೇಡಂ. ಬಾಟ್ಲಿ ತೊಳದಿದ್ದು ಚೂರು ಉಳದಿರತೈತಿ. ಎಲ್ಲಾರ ನಕ್ಷೆದಾಗೂ ಇರತಾನ."

"ಎಲ್ಲಾರ ಮನ್ಯಾಗೂ ಇರತಾನ ಅಂದ್ರ ಕಳ್ಳ ಅಲ್ಲೇನು? ಹೋಗು. ನೀ ತೊಳದಿಟ್ಟ ಬಾಟ್ಲ್ಯಾಗ ಬರೀ ಬೋಗುಣಿ ಹಾಕು. ಔಷಧ ಹಾಕಬ್ಯಾಡ."

ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ಬೈದುಕೊಂಡೇ ಹಾಗೆ ಮಾಡಿದೆ. ಔಷಧದ ಒಂದು ಕಣವೂ ಇಲ್ಲದೆ ಗೆರೆ ಸರಿಯಿತು, ಮೊದಲಿನಷ್ಟೇ ದೂರ. ಖಾಲಿ ಬೋಗುಣಿಯನ್ನು ಮೊದಲು ಹೊಸ ಬಾಟಲಿಯಲ್ಲಿ ನೋಡಿದ್ದೆ, ಔಷಧ ಬೆರೆಸಿದ್ದನ್ನು ತೊಳೆದ ಬಾಟಲಿಯಲ್ಲಿ. ಬೇಗ ಒಣಗಲಿ ಅಂತ ನಾನೇ ಆಡಿಸಿ ಚೆಲ್ಲಿದ ಅಸಿಟೋನ್ ಒಳಗೆ ಕಾಲು ಚಾಚಿ ಕೂತಿತ್ತು. ಔಷಧ ಹೊರಗೇ ನಿಂತಿತ್ತು. ಪಟಾನ್‌ಚೆರುವಿನ ಕೆಲಸ, ಅಪ್ಪನ ಪೇಢೆ... ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ.

ಮೇಡಂ ಚಹಾ ತರಿಸಿದರು. ಲೋಟ ಮೂಸಿ ನೋಡಿಯೇ ನನಗೆ ಕೊಟ್ಟರು. "ಖಾಲಿ ಐತಿ ಅಂತ ಯಾವುದನ್ನೂ ನಂಬಬ್ಯಾಡ ತಂಗಿ. ಯಾರರೆ ಮೊದಲ ಬಂದು ಕುಂತಿರತಾರ."

ಆ ಕೆಲಸ ತಪ್ಪಿತು. ಥೀಸಿಸ್ ತಡವಾಗಿ ಆಯಿತು, ಬೇರೆ ಬೋಗುಣಿ, ಬೇರೆ ಅತಿಥಿ. ಆಮೇಲೆ ಪಟಾನ್‌ಚೆರುವಿನಲ್ಲೇ ಇನ್ನೊಂದು ಕಂಪನಿ ಸಿಕ್ಕಿತು. ಗುಣಮಟ್ಟ ಪರೀಕ್ಷಿಸುವ ವಿಭಾಗ. ದಿನವಿಡೀ ಅನುಮಾನ ಪಡುವುದಕ್ಕೇ ಸಂಬಳ. ಮೇಡಂಗೆ ಹೇಳಿದರೆ, "ಮೊದಲ ಆ ಕಂಪನಿ ಖರೇ ಐತೇನು ನೋಡು" ಅಂದರು. ಅಂದು ಅವರು ಬಾಯ್ತುಂಬ ನಕ್ಕಿದ್ದು ನೆನಪಿದೆ.

ಕೆಲವು ವರ್ಷಗಳ ಮೇಲೆ ಒಂದು ಭಾನುವಾರ ಮನೆಗೆ ಕರೆಸಿಕೊಂಡರು. ಆಸ್ಪತ್ರೆಯ ವರದಿಯೊಂದನ್ನು ನನ್ನ ಕೈಗಿಟ್ಟರು. ಹೊಟ್ಟೆಯಲ್ಲಿ ಗಡ್ಡೆ, ಹರಡಿದೆ ಎಂದಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಇನ್ನೊಂದ್ ಕಡೆ ಮಾಡಸೋಣ್ರಿ ಮೇಡಂ. ಬಾಟ್ಲಿ ಅದಲಬದಲ ಆಗಿರತಾವ. ಯಾರು ಹೆಂಗ ತೊಳದಾರೋ ಏನೋ! ನಾ ಒಟ್ಟ ನಂಬೂದಿಲ್ಲ."

ಮೇಡಂ ನನ್ನ ಕೈ ಮೇಲೆ ಕೈಯಿಟ್ಟರು. ಎಂದೂ ಹಾಗೆ ಮುಟ್ಟಿದವರಲ್ಲ. "ನಾ ಸುಮ್ನ ಬಿಡತೀನೇನು? ಮೂರು ಕಡೆ ಮಾಡಿಸೀನಿ. ಈ ಸಲ ಒಳಗ ಕುಂತಾಂವ ಖರೇನ ಕುಂತಾನ."

ಅವರು ಹೋದ ಸುದ್ದಿ ಬಂದಾಗಲೂ ಫೋನ್ ಮಾಡಿದವರನ್ನು "ಸರಿ ನೋಡೀರೇನ್ರಿ?" ಎಂದು ಎರಡೆರಡು ಸಲ ಕೇಳಿದ್ದೆ...

ಅಕ್ಕನ ಮಗಳು ಮುಚ್ಚಳ ಹಾಕಿದಳು. ವಾಸನೆ ಕಿಟಕಿಯಿಂದ ಹೊರಟುಹೋಯಿತು. ನನ್ನ ಕೈಗಂಟಿದ ಹಿಟ್ಟು ಒಣಗಿತ್ತು, ಹಂಚಿನ ಮೇಲಿನ ರೊಟ್ಟಿ ಸೀದಿತ್ತು. ಮೇಡಂ ಇಲ್ಲ. ಅವರಿಲ್ಲ ಅನ್ನುವುದು ಇನ್ನೂ ಅಭ್ಯಾಸವಾಗಿಲ್ಲ. ಕಂಪನಿಯಲ್ಲಿ ನಾನು ಯಾರ ವರದಿಯನ್ನೂ ಒಂದೇ ಸಲಕ್ಕೆ ಒಪ್ಪುವುದಿಲ್ಲ. ಆದರೆ ಇವತ್ತಿಗೂ ಯಾರಾದರೂ ಬಂದು, ಆ ಮೂರೂ ವರದಿ ತಪ್ಪಿದ್ದವು ಅಂದರೆ, ಮರುಮಾತಾಡದೆ ನಂಬಿಬಿಡುತ್ತೇನೆ.