ಮಾಸದ ಪುಸ್ತಕಗಳು

ಬೆಳಿಗ್ಗೆ ಏಳಕ್ಕೆ ದಾಂಡೇಲಿ ಬಿಟ್ಟೆ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ನನ್ನ ಟಿಕೀಟು ಪುಕ್ಕಟೆ. ಪುಸ್ತಕದ ಚೀಲಕ್ಕೆ ಮಾತ್ರ ಕಂಡಕ್ಟರ್ ಲಗೇಜ್ ಟಿಕೀಟು ಹರಿದ. "ಓದೂ ಮಕ್ಕಳಿಗೆ ಒಯ್ಯಾಕತ್ತೇನಪಾ" ಎಂದರೂ ಕೇಳಲಿಲ್ಲ. ಇರಲಿ, ಅವನ ಡ್ಯೂಟಿ. ಜೊಯಿಡಾದಲ್ಲಿ ಇಳಿದು, ಚಹಾ, ಬನ್ಸ್ ಮುಗಿಸಿ, ಒಂದೂವರೆ ತಾಸು ಕಾದ ಮೇಲೆ ಅನಮೋಡ ಕಡೆಯ ಬಸ್ಸು ಬಂತು. ದಾರಿಯುದ್ದಕ್ಕೂ ಮಂಜು.

ಹೋದ ವರ್ಷ ಇದೇ ದಾರಿಯ ಒಂದು ಸಣ್ಣ ಶಾಲೆಗೆ ನಲವತ್ತು ಕಥೆ ಪುಸ್ತಕ ಕೊಟ್ಟಿದ್ದೆ. ಮೂವತ್ತು ವರ್ಷ ಗ್ರಂಥಾಲಯದಲ್ಲಿ ದುಡಿದವಳು ನಾನು; ಪುಸ್ತಕ ಮಾಸಿದರೆ ಮೈಯೆಲ್ಲ ಉರಿಯುತ್ತದೆ. ಅವತ್ತು ಎರಡನೇ ಇಯತ್ತೆಯ ಸುನೀತಾ ಬಿಸಿಯೂಟ ಉಂಡ ಕೈಯಲ್ಲೇ ಪುಸ್ತಕ ಹಿಡಿದು, ಹೊಸ ಹಾಳೆಯ ಮೇಲೆ ಸಾರಿನ ಹಳದಿ ಹೆಬ್ಬೆಟ್ಟು ಮೂಡಿಸಿದ್ದಳು. ಎಲ್ಲರೆದುರು ಬೈದೆ: "ಇಂಥಾ ಕೈಲೆ ಪುಸ್ತಕ ಮುಟ್ಟಬ್ಯಾಡ!" ಮನೆಗೆ ಬಂದು ಮರೆತೂ ಬಿಟ್ಟೆ.

ಈ ಸಲ ನಾನು ಚೀಲ ಇಳಿಸುವ ಮೊದಲೇ ಮಾಸ್ತರು ಹೆಮ್ಮೆಯಿಂದ ಕಪಾಟು ತೆರೆದರು. ನಲವತ್ತಕ್ಕೂ ಖಾಕಿ ಕಾಗದದ ಹೊದಿಕೆ.

"ನೋಡ್ರಿ ಅಕ್ಕಾರ, ನೀವು ಬೈದು ಹೋದ ಮ್ಯಾಲೆ ಒಂದೂ ಮಾಸಿಲ್ಲ. ಕೀಲಿ ನನ್ನ ಕಡೆನ ಐತಿ."

"ಓದಿದವರು ಯಾರ್ರೀ?"

ಅವರು ಕೈಯಲ್ಲಿದ್ದ ಕೀಲಿ ನೋಡಿಕೊಂಡರು. ನಾನೇ ಒಂದು ಪುಸ್ತಕ ತೆಗೆದುಕೊಂಡೆ.

ಸುನೀತಾಳನ್ನು ಕರೆಸಿದೆ. ಬಂದವಳೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಳು. ನಾನು ಕೇಳುವ ಮೊದಲೇ, "ನಾ ಒಂದೂ ಮುಟ್ಟಿಲ್ರೀ ಅಕ್ಕಾರ" ಎಂದಳು.

ಅಯ್ಯೋ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ! "ತಪ್ಪು ನಂದವ್ವಾ. ಹೊಲಸಾದ್ರ ಆಗ್ಲಿ, ತಗೋ" ಎಂದೆ. ಒಲ್ಲೆನೆಂದು ತಲೆಯಾಡಿಸಿದಳು.

ಶಾಲೆಯ ಕಟ್ಟೆಯ ಮೇಲೆ ಕೂತು, ತಾಯಿಯಿಂದ ತಪ್ಪಿಸಿಕೊಂಡ ಆನೆಮರಿಯ ಕಥೆ ಬಿಚ್ಚಿದೆ. ಮೆಲ್ಲಗೆ ಬಂದು ಪಕ್ಕ ಕೂತಳು. ಮನೆಯಲ್ಲಿ ಕೊಂಕಣಿ ಆಡುವ ಹುಡುಗಿ, ಒಂದೊಂದೇ ಅಕ್ಷರ ಕೂಡಿಸಿ ಕನ್ನಡ ಓದತೊಡಗಿದಳು. ಹಾಳೆ ಮುಗಿದಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು, ನಾನು ತಿರುವುತ್ತಿದ್ದೆ. "ನೀನ ತಿರುವವ್ವಾ" ಎಂದು ಎಷ್ಟು ಅಂಗಲಾಚಿದರೂ ಕೈ ಮುಂದೆ ಬರಲಿಲ್ಲ. ನನಗೆ ಅಳು ಬಂತು.

ಕಥೆಯ ಆನೆಮರಿ ಹೊಳೆಯ ದಂಡೆಗೆ ಬರುವಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿತು. ಅದು ತಪ್ಪಿದರೆ ಅಂದು ಬೇರೆ ಬಸ್ಸಿಲ್ಲ. "ಇನ್ನ ಮ್ಯಾಲೆ ಕೀಲಿ ಹಾಕಬ್ಯಾಡ್ರಿ" ಎಂದು ಮಾಸ್ತರಿಗೆ ಹೇಳಿ, ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟು ಎದ್ದೆ.

"ಅಕ್ಕಾರ" ಎಂದು ಸುನೀತಾ ಕೂಗಿದಳು. "ಮುಂದಿನ ಹಾಳಿ ತಿರುವಿ ಹೋಗ್ರಿ."

ತಿರುವಿದೆ. ಬಸ್ಸಿನ ಕಿಟಕಿಯಿಂದ ನೋಡಿದಾಗ ಆ ಹಾಳೆಯ ಮೇಲೆ ಬಾಗಿ ಓದುತ್ತಿದ್ದಳು. ಎರಡೂ ಕೈ ಇನ್ನೂ ಬೆನ್ನ ಹಿಂದೆಯೇ ಇದ್ದವು.